ಬೆಳಕಿನ ಲೆಕ್ಕ, ಬೂದಿಯ ಲೆಕ್ಕ

ಯಾದಗಿರಿ ರೈಲು ನಿಲ್ದಾಣದ ಆಚೀಚೆ ಬೆಳೆದ ಹುಡುಗರಿಗೆಲ್ಲ ಆಗ ಒಂದು ಆಟ ಗೊತ್ತಿತ್ತು. ಗೂಡ್ಸ್ ಗಾಡಿ ಬಂದರೆ ಅದರ ಡಬ್ಬಿಗಳನ್ನು ಎಣಿಸುವುದು. ನಾವು ಉರ್ದು ಶಾಲೆಯವರು. ಐವತ್ತರವರೆಗೆ ಸರಾಗವಾಗಿ ಎಣಿಸಿ, ಅಲ್ಲಿಂದ ಮುಂದೆ ಇಕ್ಯಾವನ್, ಬಾವನ್, ತಿರ್ಪನ್ ಎನ್ನುತ್ತ ತೊಡರುತ್ತಿದ್ದೆವು. ಕನ್ನಡ ಶಾಲೆಯವರು ಐವತ್ತೊಂದು, ಐವತ್ತೆರಡು ಎಂದು ಸಲೀಸಾಗಿ ಸಾಗಿ ಗೆದ್ದುಬಿಡುತ್ತಿದ್ದರು. ಎಲ್ಲಕ್ಕಿಂತ ಉದ್ದದ ಗಾಡಿ ಕಲ್ಲಿದ್ದಲಿನದು. ಅದು ಹೋದ ಮೇಲೂ ಹಳಿಯ ಮೇಲೆ ಸ್ವಲ್ಪ ಹೊತ್ತು ಕರಿಯ ಧೂಳು ತೂಗಾಡುತ್ತಿತ್ತು.

‘ಈ ಕೋಯ್ಲಾ ಎಲ್ಲಿಗೆ ಹೋಗ್ತದ?’ ಎಂದು ಕೇಳಿದರೆ ದೊಡ್ಡವರು, ‘ಶಕ್ತಿನಗರಕ್ಕ. ಅಲ್ಲಿ ಕರೆಂಟ್ ಮಾಡ್ತಾರ’ ಎನ್ನುತ್ತಿದ್ದರು.

ಸಂಜೆ ಮನೆಗೆ ಬಂದರೆ ಕರೆಂಟು ಇರುತ್ತಿರಲಿಲ್ಲ. ಮಗ್ರಿಬ್ ಅಜಾನಿಗೆ ಮುನ್ನವೇ ಅಮ್ಮಿ ಕಂದೀಲಿನ ಗಾಜನ್ನು ಹಳೆಯ ಪೇಪರಿನಿಂದ ಒರೆಸಿ ಇಟ್ಟಿರುತ್ತಿದ್ದರು. ನಾವು ಹತ್ತನೆಯ ಇಯತ್ತೆಯ ಪರೀಕ್ಷೆಗೆ ಓದಿದ್ದು ಬಹುಪಾಲು ಆ ಕಂದೀಲಿನ ಬೆಳಕಿನಲ್ಲಿ. ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಕರೆಂಟು ಹುಟ್ಟುತ್ತದೆ, ಅದನ್ನು ಹುಟ್ಟಿಸುವ ಕಲ್ಲಿದ್ದಲು ನಮ್ಮ ಮನೆ ಮುಂದೆಯೇ ಹಾದುಹೋಗುತ್ತದೆ. ಆದರೆ ಕರೆಂಟು ಮಾತ್ರ ನಮ್ಮೂರಿನಲ್ಲಿ ಇಳಿಯುವುದಿಲ್ಲ. ಇದೇಕೆ ಹೀಗೆ ಎಂಬ ಪ್ರಶ್ನೆ ಅಂದಿನಿಂದ ನಮ್ಮ ಜೊತೆಗಿದೆ. ಈ ಲೇಖನ ಆ ಪ್ರಶ್ನೆಯ ಬೆನ್ನು ಹತ್ತಿದ ಪ್ರಯತ್ನ.

ಒಂದೇ ವರ್ಷ, ಎರಡು ಘಟನೆ

ಹಳೆಯ ಮೈಸೂರಿನ ವಿದ್ಯುತ್ತಿನ ಚರಿತ್ರೆ ನೀರಿನಿಂದ ಶುರುವಾಗುತ್ತದೆ. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂತು. ಶಾಲೆಯ ಪಾಠಗಳಲ್ಲಿ ನಾವೆಲ್ಲ ಓದಿದ್ದು ಇದನ್ನೇ. ಆದರೆ ಯಾದಗಿರಿ, ಶಹಾಪುರ, ಸುರಪುರ, ರಾಯಚೂರುಗಳು ಆಗ ಮೈಸೂರಿನ ಭಾಗವಾಗಿರಲಿಲ್ಲ. ನಾವು ನಿಜಾಮರ ಹೈದರಾಬಾದ್ ಸಂಸ್ಥಾನದವರು. ನಮ್ಮ ಕಡೆಯ ವಿದ್ಯುತ್ತಿನ ಕಥೆ ನೀರಿನಿಂದಲ್ಲ, ಕಲ್ಲಿದ್ದಲು ಮತ್ತು ರೈಲಿನಿಂದ ಶುರುವಾಗುತ್ತದೆ.

1871 ಈ ಕಥೆಯಲ್ಲಿ ಮುಖ್ಯವಾದ ವರ್ಷ. ಮುಂಬಯಿಯಿಂದ ಹೊರಟ ರೈಲುಹಾದಿ ಮತ್ತು ಮದ್ರಾಸಿನಿಂದ ಹೊರಟ ರೈಲುಹಾದಿ ಆ ವರ್ಷ ರಾಯಚೂರಿನಲ್ಲಿ ಕೂಡಿಕೊಂಡವು. ಭೀಮಾ, ಕೃಷ್ಣಾ ನದಿಗಳನ್ನು ದಾಟಿ ಬಂದ ಆ ಹಳಿ ಯಾದಗಿರಿಯ ಮೂಲಕವೇ ಹಾದುಹೋಯಿತು. ಅದೇ 1871ರಲ್ಲಿ ಸಂಸ್ಥಾನದ ಪೂರ್ವದ ತುದಿಯಲ್ಲಿ, ಯೆಲ್ಲಂದು ಎಂಬಲ್ಲಿ, ಭೂಗರ್ಭ ಸಮೀಕ್ಷೆಯ ವಿಲಿಯಂ ಕಿಂಗ್ ಕಲ್ಲಿದ್ದಲಿನ ನಿಕ್ಷೇಪವನ್ನು ಪತ್ತೆಮಾಡಿದರು. ಮುಂದೆ ಅದು ಸಿಂಗರೇಣಿ ಗಣಿಯೆಂದು ಹೆಸರಾಯಿತು. 1874ರಲ್ಲಿ ನಿಜಾಮರ ರೈಲು ವಾಡಿಯನ್ನು ಸಿಕಂದರಾಬಾದಿಗೆ ಜೋಡಿಸಿತು. ಕಲ್ಲಿದ್ದಲು ಒಂದು ತುದಿಯಲ್ಲಿ, ಕೃಷ್ಣೆ ಇನ್ನೊಂದು ತುದಿಯಲ್ಲಿ, ನಡುವೆ ಹಳಿ. ಮೂರೂ ಒಂದೇ ಸಂಸ್ಥಾನದೊಳಗೆ ಇದ್ದವು. ಆದರೆ ಅವು ಮೂರನ್ನೂ ಕೂಡಿಸಿ ಕೃಷ್ಣೆಯ ದಡದಲ್ಲಿ ದೀಪ ಹಚ್ಚಬಹುದೆಂದು ಆಗ ಯಾರೂ ಯೋಚಿಸಲಿಲ್ಲ.

ಯೋಚಿಸಿದ್ದು ರಾಜಧಾನಿಯ ಮಟ್ಟಿಗೆ ಮಾತ್ರ. 1920ರ ಸುಮಾರಿಗೆ ಹೈದರಾಬಾದಿನ ಹುಸೇನ್ ಸಾಗರದ ದಡದಲ್ಲಿ ಕಲ್ಲಿದ್ದಲಿನಿಂದ ನಡೆಯುವ ವಿದ್ಯುತ್ ಸ್ಥಾವರವೊಂದು ಎದ್ದಿತು. ನಗರದ ಮಹಲುಗಳು, ಬೀದಿಗಳು ಬೆಳಗಿದವು. ಆ ಸ್ಥಾವರವನ್ನು 1990ರ ದಶಕದಲ್ಲಿ ಕೆಡವಲಾಯಿತು. ಇತ್ತ ಜಿಲ್ಲೆಗಳಲ್ಲಿ ಕಂದೀಲು, ಬುಡ್ಡಿ, ಪಂಜುಗಳ ಕಾಲ ಮುಗಿಯಲೇ ಇಲ್ಲ. ಬೆಳಕು ರಾಜಧಾನಿಗೆ ಮೊದಲು ಎಂಬ ಪದ್ಧತಿ ನಿಜಾಮರ ಜೊತೆಗೇ ಹೋಯಿತೆಂದು ತಿಳಿದವರು ಮುಂದಿನ ಕಥೆಯನ್ನು ಗಮನಿಸಬೇಕು.

1948ರಲ್ಲಿ ಸಂಸ್ಥಾನ ಭಾರತದೊಳಗೆ ಸೇರಿತು. 1956ರಲ್ಲಿ ಅದನ್ನು ಭಾಷೆಯ ಆಧಾರದ ಮೇಲೆ ಮೂರು ರಾಜ್ಯಗಳಿಗೆ ಹಂಚಲಾಯಿತು. ಕನ್ನಡದವರು ಕನ್ನಡ ನಾಡಿಗೆ ಬಂದೆವು. ಅದು ನಮ್ಮ ಬಹುಕಾಲದ ಹಂಬಲವಾಗಿತ್ತು. ಆದರೆ ಸಿಂಗರೇಣಿಯ ಕಲ್ಲಿದ್ದಲು ಆಂಧ್ರದ ಪಾಲಾಯಿತು. ನೀರು, ಹಳಿ ನಮ್ಮಲ್ಲಿ ಉಳಿದವು.

ಮಳೆ ಕೈಕೊಟ್ಟಾಗ

ಏಕೀಕರಣದ ನಂತರದ ಮೈಸೂರು ರಾಜ್ಯ ವಿದ್ಯುತ್ತಿಗಾಗಿ ಪೂರ್ತಿ ನದಿಗಳನ್ನೇ ನಂಬಿತು. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಬಂತು. ಆಮೇಲೆ ಕಾಳಿ ನದಿಯ ಸರದಿ. ನೀರಿನ ವಿದ್ಯುತ್ತು ಅಗ್ಗ, ಹೊಗೆಯಿಲ್ಲ, ಬೂದಿಯಿಲ್ಲ. ಅದಕ್ಕೊಂದೇ ಷರತ್ತು: ಮಲೆನಾಡಿನಲ್ಲಿ ಮಳೆಯಾಗಬೇಕು. ಎಪ್ಪತ್ತರ ದಶಕದಲ್ಲಿ ಮಳೆ ಮತ್ತೆ ಮತ್ತೆ ಕೈಕೊಟ್ಟಿತು. ಜಲಾಶಯಗಳು ತಳ ಕಂಡವು, ಕಾರ್ಖಾನೆಗಳಿಗೆ ವಿದ್ಯುತ್ ಕಡಿತ ಬಂತು. ಆಗ ರಾಜ್ಯಕ್ಕೆ ಕಲ್ಲಿದ್ದಲಿನ ನೆನಪಾಯಿತು.

ಕರ್ನಾಟಕದ ಯಾವ ಜಿಲ್ಲೆಯಲ್ಲೂ ಕಲ್ಲಿದ್ದಲಿಲ್ಲ. ಹೊರಗಿನಿಂದ ತರಬೇಕು. ತರಲು ರೈಲು ಬೇಕು. ಸ್ಥಾವರವನ್ನು ನಡೆಸಲು ವರ್ಷವಿಡೀ ನೀರು ಬೇಕು. ಬೂದಿ ಸುರಿಯಲು ಅಗ್ಗದ ಬಯಲು ಬೇಕು. ಈ ನಾಲ್ಕೂ ಕೂಡಿದ ಜಾಗ ಸಿಕ್ಕಿದ್ದು ರಾಯಚೂರು ತಾಲೂಕಿನ ದೇವಸೂಗೂರಿನ ಬಳಿ. ಸೂಗೂರೇಶ್ವರನ ಜಾತ್ರೆಗೆ ಹೆಸರಾದ ಊರು. ಮುಂಬಯಿ–ಮದ್ರಾಸು ರೈಲು ಕೃಷ್ಣೆಯನ್ನು ದಾಟುವುದು ಇದರ ಸಮೀಪದಲ್ಲೇ. ಹೈದರಾಬಾದ್ ರಸ್ತೆ ಕೃಷ್ಣೆಯನ್ನು ದಾಟುವುದೂ ಇಲ್ಲೇ. ಆ ರಸ್ತೆಗೆ ನಿಜಾಮರ ಕಾಲದಲ್ಲಿ ಕಟ್ಟಿದ ಕಲ್ಲಿನ ಸೇತುವೆಯನ್ನು ‘ಸಿರಾತ್-ಎ-ಜೂದಿ’ ಎಂದು ಕರೆಯುತ್ತಾರೆ.

ಇನ್ನೊಂದು ಮಾತನ್ನು ನಮ್ಮ ಜಿಲ್ಲೆಯವರು ನೆನಪಿಡಬೇಕು. ಯಾದಗಿರಿ ಜಿಲ್ಲೆಗೆ ಎರಡು ನದಿಗಳು. ಸುರಪುರ, ಶಹಾಪುರಗಳ ಕಡೆ ಕೃಷ್ಣೆ, ಯಾದಗಿರಿ ಪಟ್ಟಣದ ಬಳಿ ಭೀಮೆ. ಇವೆರಡೂ ಕಡ್ಲೂರಿನ ಬಳಿ ಕೂಡುತ್ತವೆ. ಸಂಗಮದ ಕೆಳಗೆ ನದಿ ಸ್ವಲ್ಪ ದೂರ ಹರಿಯುವಷ್ಟರಲ್ಲಿ ದಡದ ಮೇಲೆ ಸ್ಥಾವರದ ಚಿಮಣಿಗಳು ಕಾಣುತ್ತವೆ. ಅಂದರೆ ನಮ್ಮ ಎರಡೂ ನದಿಗಳು ಕೂಡಿದ ಮೇಲೆ ಮೊದಲು ಮಾಡುವ ದೊಡ್ಡ ಚಾಕರಿ ಇದೇ.

1970ರಲ್ಲಿ ಸ್ಥಾಪನೆಯಾಗಿದ್ದ ರಾಜ್ಯದ ವಿದ್ಯುತ್ ನಿಗಮ, ಎಂದರೆ ಇಂದಿನ ಕೆಪಿಸಿಎಲ್, ಇಲ್ಲಿ ಕರ್ನಾಟಕದ ಮೊಟ್ಟಮೊದಲ ಉಷ್ಣ ವಿದ್ಯುತ್ ಸ್ಥಾವರವನ್ನು ಕಟ್ಟಿತು. 210 ಮೆಗಾವಾಟಿನ ಮೊದಲ ಘಟಕ 1985ರ ಮಾರ್ಚಿನಲ್ಲಿ ಚಾಲೂ ಆಯಿತು. ಎರಡನೆಯದು 1986ರಲ್ಲಿ, ಮೂರನೆಯದು 1991ರಲ್ಲಿ, ನಾಲ್ಕನೆಯದು 1994ರಲ್ಲಿ. ಐದು ಮತ್ತು ಆರನೆಯ ಘಟಕಗಳು 1999ರಲ್ಲಿ, ಏಳನೆಯದು 2002ರಲ್ಲಿ ಬಂದವು. 250 ಮೆಗಾವಾಟಿನ ಎಂಟನೆಯ ಘಟಕ 2010ರಲ್ಲಿ ಸೇರಿ ಒಟ್ಟು ಸಾಮರ್ಥ್ಯ 1720 ಮೆಗಾವಾಟ್ ಆಯಿತು. ರಾಜ್ಯದ ವಿದ್ಯುತ್ತಿನ ಸುಮಾರು 40 ಭಾಗವನ್ನು ಇದೊಂದೇ ಸ್ಥಾವರ ಕೊಟ್ಟ ಕಾಲವೂ ಇತ್ತು. ದೇವಸೂಗೂರಿನ ಪಕ್ಕದಲ್ಲಿ ಶಕ್ತಿನಗರವೆಂಬ ಹೊಸ ಊರೇ ಬೆಳೆಯಿತು.

ಮಾಮುವಿನ ಹಾಜರಿ ಪುಸ್ತಕ

ಮೇಲಿನ ಇಸವಿಗಳು ಯಾವ ದಾಖಲೆಯಲ್ಲಾದರೂ ಸಿಗುತ್ತವೆ. ಸಿಗದ ಒಂದು ದಾಖಲೆ ನಮ್ಮ ಮಾಮುವಿನ ಟ್ರಂಕಿನಲ್ಲಿತ್ತು.

ಮಾಮು ಗೌಂಡಿ ಕೆಲಸದವರು. ಎಂಬತ್ತರ ದಶಕದ ಆರಂಭದಲ್ಲಿ ಸ್ಥಾವರ ಕಟ್ಟುವಾಗ ಗುತ್ತಿಗೆದಾರನೊಬ್ಬನ ಕೈಕೆಳಗೆ ಅಲ್ಲಿ ದುಡಿಯಲು ಹೋಗಿದ್ದರು. ವಾರಕ್ಕೊಮ್ಮೆ ಪ್ಯಾಸೆಂಜರ್ ಗಾಡಿಗೆ ಊರಿಗೆ ಬರುತ್ತಿದ್ದರು. ಅವರು ಓದಿದ್ದು ನಾಲ್ಕನೆಯ ಉರ್ದು. ಅಷ್ಟರಲ್ಲೇ ಒಂದು ಸಣ್ಣ ಪುಸ್ತಕ ಇಟ್ಟುಕೊಂಡಿದ್ದರು. ಯಾವ ದಿನ ಕೆಲಸ, ಯಾವ ದಿನ ನಾಗಾ, ಎಷ್ಟು ಪಗಾರ, ಎಷ್ಟು ಮುಂಗಡ ಎಂಬ ಲೆಕ್ಕ. ಜೊತೆಗೆ ತಮ್ಮ ಗುಂಪಿನವರ ಹೆಸರುಗಳು. ಕೆಲವರಿಗೆ ಅಕ್ಷರ ಬರುತ್ತಿರಲಿಲ್ಲವಾದ್ದರಿಂದ ಅವರ ಹಾಜರಿಯನ್ನೂ ಮಾಮುವೇ ಬರೆಯುತ್ತಿದ್ದರು. ಯಾದಗಿರಿಯವರು, ಶಹಾಪುರದವರು, ಸೈದಾಪುರದವರು, ಗಡಿಯಾಚೆಯ ಮಖ್ತಲದವರು. ಹಿಂದೂಗಳು, ಮುಸ್ಲಿಮರು, ವಡ್ಡರು, ಬೇಡರು. ಎಲ್ಲರ ಹೆಸರೂ ಬಲದಿಂದ ಎಡಕ್ಕೆ ಉರ್ದು ಲಿಪಿಯಲ್ಲಿ.

ಕೆಲವು ವರ್ಷಗಳ ಹಿಂದೆ ಆ ಪುಸ್ತಕವನ್ನು ನಾವು ಮಾಮುವಿಗೆ ಓದಿ ಹೇಳಿದೆವು. ಅವರ ಕಣ್ಣು ಆಗಲೇ ಮಂಜಾಗಿತ್ತು. ಪ್ರತಿಯೊಂದು ಹೆಸರಿಗೂ ಒಂದು ಮಾತು ಸೇರಿಸುತ್ತಿದ್ದರು. ಇವ ಮೇಲಿನಿಂದ ಕೆಳಗೆ ನೋಡ್ಲಿಕ್ಕೆ ಅಂಜತಿದ್ದ. ಇವನ ಮದುವಿಗೆ ನಾವೆಲ್ಲ ಹೋಗಿದ್ವಿ. ಇವ ಅಲ್ಲೇ ಜಾಮೀನು ಕೊಟ್ಟವ, ಅಲ್ಲೇ ಕೂಲಿ ಮಾಡಿದ. ಈ ಕೊನೆಯ ಮಾತನ್ನು ಹೇಳಿ ಮಾಮು ಸುಮ್ಮನಾದರು. ಆಮೇಲೆ ನಾವು ನಮ್ಮ ಬಾಲ್ಯದ ಕಂದೀಲಿನ ಮಾತೆತ್ತಿದೆವು. ಅವರು ನಕ್ಕು, ‘ಚಿರಾಗ್ ತಲೆ ಅಂಧೇರಾ ಕತೇ ಸೋ ಯಹೀಚ್ ಬೇಟಾ’ ಎಂದರು. ದೀಪದ ಬುಡದಲ್ಲಿ ಕತ್ತಲೆ ಎಂದು ಕನ್ನಡದಲ್ಲೂ ಗಾದೆಯಿದೆ. ಎರಡು ಭಾಷೆಯವರೂ ಕಂಡದ್ದು ಒಂದೇ ಕತ್ತಲೆಯನ್ನು.

ಡಬ್ಬಿಯಿಂದ ತಂತಿಯವರೆಗೆ

ಒಳಗೆ ಏನು ನಡೆಯುತ್ತದೆ ಎಂಬುದನ್ನು ಓದುಗರು ತಿಳಿಯಬೇಕು. ಲೆಕ್ಕ ಕೇಳುವವನಿಗೆ ವ್ಯಾಪಾರ ಗೊತ್ತಿರಬೇಕಲ್ಲ.

ಸಿಂಗರೇಣಿಯಿಂದ, ಒಡಿಶಾದ ಮಹಾನದಿ ಗಣಿಗಳಿಂದ, ಮಹಾರಾಷ್ಟ್ರದ ಕಡೆಯಿಂದ ಕಲ್ಲಿದ್ದಲು ಬರುತ್ತದೆ. ಒಂದು ರೈಲಿನಲ್ಲಿ ಸುಮಾರು 58 ಡಬ್ಬಿ, ಮೂರೂವರೆಯಿಂದ ನಾಲ್ಕು ಸಾವಿರ ಟನ್. ಸ್ಥಾವರದೊಳಗೆ ಡಬ್ಬಿಯನ್ನೇ ಹಿಡಿದು ಬುಟ್ಟಿ ಬೋರಲು ಹಾಕಿದಂತೆ ಮಗುಚುವ ಯಂತ್ರವಿರುತ್ತದೆ. ಕಲ್ಲಿದ್ದಲನ್ನು ಒಡೆದು, ಬೆಲ್ಟಿನ ಮೇಲೆ ಸಾಗಿಸಿ, ಎತ್ತರದ ಬಂಕರುಗಳಿಗೆ ತುಂಬುತ್ತಾರೆ. ಅಲ್ಲಿಂದ ಅದು ಗಿರಣಿಗೆ ಇಳಿಯುತ್ತದೆ. ನಮ್ಮೂರ ಗಿರಣಿಯಲ್ಲಿ ಜೋಳ ಬೀಸಿದ್ದಕ್ಕಿಂತ ನುಣ್ಣಗೆ, ಮುಖಕ್ಕೆ ಹಚ್ಚುವ ಪೌಡರಿನ ಹಾಗೆ ಅದನ್ನು ಬೀಸಲಾಗುತ್ತದೆ. ಬಿಸಿಗಾಳಿ ಈ ಪುಡಿಯನ್ನು ಬಾಯ್ಲರಿನೊಳಗೆ ಊದುತ್ತದೆ. ಒಳಗೆ ಅದು ಗಾಳಿಯಲ್ಲೇ ಹೊತ್ತಿ ಉರಿಯುತ್ತದೆ.

ಬಾಯ್ಲರಿನ ಗೋಡೆಯ ತುಂಬ ಕೊಳವೆಗಳು, ಅವುಗಳಲ್ಲಿ ಶುದ್ಧಗೊಳಿಸಿದ ಕೃಷ್ಣೆಯ ನೀರು. ಅದು ಆವಿಯಾಗಿ, ಮತ್ತೆ ಕಾದು, ಸುಮಾರು 540 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆ ಆವಿ ಟರ್ಬೈನಿನ ಅಲಗುಗಳಿಗೆ ಬಡಿದು ಅದನ್ನು ನಿಮಿಷಕ್ಕೆ 3000 ಸುತ್ತು ತಿರುಗಿಸುತ್ತದೆ. ಟರ್ಬೈನಿನ ಜೊತೆ ಜನರೇಟರು ತಿರುಗುತ್ತದೆ, ವಿದ್ಯುತ್ತು ಹುಟ್ಟುತ್ತದೆ. ಕೆಲಸ ಮುಗಿಸಿದ ಆವಿಯನ್ನು ಕಂಡೆನ್ಸರಿನಲ್ಲಿ ತಣಿಸಿ ಮತ್ತೆ ನೀರು ಮಾಡುತ್ತಾರೆ. ಹೀಗೆ ತಣಿಸಲೆಂದೇ ನದಿಯ ನೀರಿನ ದೊಡ್ಡ ಪಾಲು ಬೇಕು. ಸುಟ್ಟ ಕಲ್ಲಿದ್ದಲಿನ ಶಾಖದಲ್ಲಿ ಮೂರನೇ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ. ಮಿಕ್ಕ ಎರಡು ಪಾಲು ನೀರಿಗೂ ಗಾಳಿಗೂ ಹೋಗುತ್ತದೆ. ಮೊದಲೇ ಬಿಸಿಲಿನಲ್ಲಿ ಬೇಯುವ ಸೀಮೆಗೆ ಇದೊಂದು ಹೆಚ್ಚಿನ ಒಲೆ.

ಈ ಜಾತಿಯ ಸ್ಥಾವರದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು. ಎಂಟೂ ಘಟಕಗಳು ಪೂರ್ತಿ ನಡೆದರೆ ದಿನಕ್ಕೆ 28 ಸಾವಿರ ಟನ್ನಿನ ಆಸುಪಾಸು, ಎಂದರೆ ಏಳೆಂಟು ರೈಲು. ನಾವು ಮಕ್ಕಳಾಗಿದ್ದಾಗ ಎಣಿಸುತ್ತಿದ್ದ ಡಬ್ಬಿಗಳ ಲೆಕ್ಕ ಎಲ್ಲಿ ಮುಗಿಯುತ್ತಿತ್ತು ಎಂಬುದು ನಮಗೆ ತಿಳಿದದ್ದು ಹೀಗೆ, ಬಹಳ ತಡವಾಗಿ.

ನೀರಿನ ಲೆಕ್ಕ

ಕೇಂದ್ರ ಸರಕಾರ 2015ರಲ್ಲಿ ಹಳೆಯ ಉಷ್ಣ ಸ್ಥಾವರಗಳಿಗೆ ನೀರಿನ ಮಿತಿಯೊಂದನ್ನು ಹಾಕಿತು. ಒಂದು ಯೂನಿಟ್ ವಿದ್ಯುತ್ತಿಗೆ ಮೂರೂವರೆ ಲೀಟರಿಗಿಂತ ಹೆಚ್ಚು ನೀರು ಬಳಸಕೂಡದು ಎಂದು. ಆ ಮಿತಿಯನ್ನೇ ಹಿಡಿದು ನಾವು ಲೆಕ್ಕ ಹಾಕಿದೆವು. 1720 ಮೆಗಾವಾಟ್ ದಿನವಿಡೀ ನಡೆದರೆ 14 ಕೋಟಿ ಲೀಟರಿಗಿಂತ ಹೆಚ್ಚು ನೀರು ಬೇಕಾಗುತ್ತದೆ.

ಮಳೆಗಾಲದ ಕೃಷ್ಣೆಗೆ ಇದು ಯಾವ ಲೆಕ್ಕವೂ ಅಲ್ಲ. ಆದರೆ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಯಾದಗಿರಿಯ ಸೇತುವೆಯ ಮೇಲೆ ನಿಂತು ಭೀಮೆಯನ್ನು ನೋಡಿದವರಿಗೆ ಇದರ ಅರ್ಥ ತಿಳಿಯುತ್ತದೆ. ಬಂಡೆ, ಮರಳು, ನಡುವೆ ಅಲ್ಲಲ್ಲಿ ನಿಂತ ನೀರು. ಅಂಥ ದಿನಗಳಲ್ಲಿ ಸ್ಥಾವರಕ್ಕೆ ನೀರು ಬರಬೇಕಾದ್ದು ಮೇಲಿನ ನಾರಾಯಣಪುರದ ಬಸವಸಾಗರದಿಂದ. ಸ್ಥಾವರದ ಸಲುವಾಗಿ ನೀರು ತಡೆದು ನಿಲ್ಲಿಸಲು ಗುರ್ಜಾಪುರದಲ್ಲಿ ಬ್ಯಾರೇಜನ್ನೂ ಕಟ್ಟಲಾಗಿದೆ. 1982ರಲ್ಲಿ ಮುಗಿದ ನಾರಾಯಣಪುರ ಅಣೆಕಟ್ಟಿನ ಎಡದಂಡೆ ಕಾಲುವೆಯೇ ಸುರಪುರ, ಶಹಾಪುರಗಳ ಹೊಲಗಳ ಜೀವ. ಬೇಸಿಗೆಯಲ್ಲಿ ಒಂದೇ ಜಲಾಶಯದ ಮುಂದೆ ಮೂವರು ನಿಲ್ಲುತ್ತಾರೆ. ಎರಡನೆಯ ಬೆಳೆಗೆ ನೀರು ಕೇಳುವ ಕಾಲುವೆ ಕೊನೆಯ ರೈತ, ಕುಡಿಯಲು ಕೇಳುವ ಊರು, ಮತ್ತು ನದಿಯ ಕೆಳಗಿರುವ ಸ್ಥಾವರ. ಕೊನೆಯ ಹೊಲದ ರೈತನಿಗೆ ಇಲ್ಲಿ ಇಬ್ಬಗೆಯ ಸಂಕಟ. ಸ್ಥಾವರಕ್ಕೆ ನೀರು ಬಿಟ್ಟರೆ ಅವನ ಕಾಲುವೆ ಬತ್ತುತ್ತದೆ. ಬಿಡದಿದ್ದರೆ ಬೋರಿನ ಮೋಟಾರಿಗೆ ಕರೆಂಟು ಹೋಗುತ್ತದೆ.

ಬೂದಿಯ ಲೆಕ್ಕ

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಬಹಳ. ನೂರು ಕಿಲೋ ಸುಟ್ಟರೆ 35ರಿಂದ 40 ಕಿಲೋ ಬೂದಿಯೇ ಉಳಿಯುತ್ತದೆ. ಪೂರ್ತಿ ನಡೆದ ದಿನ ಸ್ಥಾವರದಿಂದ ಹತ್ತು ಸಾವಿರ ಟನ್ನಿನ ಸುಮಾರಿಗೆ ಬೂದಿ. ಹತ್ತು ಟನ್ನಿನ ಲಾರಿಗಳಾದರೆ ಸಾವಿರ ಲಾರಿ, ಅದೂ ದಿನಕ್ಕೆ.

ಹೊಗೆಯಲ್ಲಿ ಹೋಗುವ ನುಣ್ಣನೆಯ ಬೂದಿಯನ್ನು ಚಿಮಣಿಗೆ ಮುನ್ನವೇ ವಿದ್ಯುದಾವೇಶದ ಫಲಕಗಳು ಹಿಡಿದಿಡುತ್ತವೆ. ಸರಿಯಾಗಿ ನಡೆದರೆ ನೂರಕ್ಕೆ ತೊಂಬತ್ತೊಂಬತ್ತು ಪಾಲು ಅಲ್ಲೇ ಉಳಿಯುತ್ತದೆ. ತಳದಲ್ಲಿ ಉಳಿದದ್ದನ್ನು ನೀರಿನಲ್ಲಿ ಕಲಸಿ ಕೊಳವೆಯ ಮೂಲಕ ಬೂದಿಹೊಂಡಕ್ಕೆ ಹರಿಸುತ್ತಾರೆ. ಹೊಂಡ ಒಣಗಿದಾಗ, ಬೇಸಿಗೆಯ ಗಾಳಿ ಎದ್ದಾಗ ಆ ಬೂದಿ ಮತ್ತೆ ಏಳುತ್ತದೆ. ಬೆಳೆಯ ಮೇಲೆ, ನೀರಿನ ಮೇಲೆ, ಉಸಿರಿನ ಮೇಲೆ ಅದು ಬೀಳುತ್ತಿದೆಯೆಂದು ದೇವಸೂಗೂರಿನ ಸುತ್ತಲಿನ ಹಳ್ಳಿಗಳವರು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಬೂದಿ ತುಂಬಿದ ಲಾರಿಗಳ ವಿರುದ್ಧವೂ ದನಿ ಎದ್ದಿದೆ.

ಬೂದಿಯನ್ನು ಬಳಸಲೇಬೇಕೆಂದು 1999ರಲ್ಲೇ ಕೇಂದ್ರದ ಆದೇಶವಿದೆ. ಹಾರುಬೂದಿ ಸಿಮೆಂಟಿಗೆ ಒಳ್ಳೆಯ ಕಚ್ಚಾ ವಸ್ತು. ಬೂದಿಯಿಂದ ಇಟ್ಟಿಗೆಯೂ ಆಗುತ್ತದೆ. ವಾಡಿ, ಶಹಾಬಾದ್, ಮಳಖೇಡದಂಥ ಸಿಮೆಂಟಿನ ಊರುಗಳ ಸೀಮೆ ನಮ್ಮದು. ಬೂದಿಯೂ ಆಸ್ತಿಯೇ ಎಂಬುದು ಹೀಗೆ ರುಜುವಾಗಿದೆ. ಆದರೆ ಆಸ್ತಿ ಎಂದು ಸಾಗಿಸುವಾಗ ಅದರ ಲಾಭ ಒಬ್ಬರದು. ಧೂಳೆಂದು ಹಾರುವಾಗ ಅದರ ಪಾಲುದಾರರು ಬೇರೆ.

ಬೆಳಕು ಎಲ್ಲಿಗೆ ಹೋಯಿತು?

ನಮ್ಮ ಬಾಲ್ಯದ ಪ್ರಶ್ನೆಗೆ ಈಗ ಬರೋಣ. ‘ನಮ್ಮ ಕರೆಂಟು ಬೆಂಗಳೂರಿಗೆ ಹೋಯಿತು’ ಎಂದು ನಮ್ಮ ಕಡೆ ಹೇಳುವುದುಂಟು. ವಿದ್ಯುತ್ ಜಾಲದ ತಜ್ಞರು ಇದನ್ನು ಒಪ್ಪುವುದಿಲ್ಲ. ಶರಾವತಿಯ ವಿದ್ಯುತ್ತು, ಶಕ್ತಿನಗರದ ವಿದ್ಯುತ್ತು ಒಂದೇ ಜಾಲಕ್ಕೆ ಬೀಳುತ್ತವೆ. ಹಳ್ಳಗಳು ಕೆರೆಗೆ ಬಿದ್ದ ಮೇಲೆ ಯಾವ ಕೊಡದಲ್ಲಿ ಯಾವ ಹಳ್ಳದ ನೀರು ಎಂದು ಹೇಳಲಾಗದು. ಈ ಮಾತು ನಿಜ.

ಆದರೆ ಕೆರೆಯ ತೂಬು ಯಾರ ಕೈಯಲ್ಲಿದೆ ಎಂಬುದು ಬೇರೆ ಮಾತು. ವಿದ್ಯುತ್ ಸಾಲದೆ ಬಂದಾಗ ಯಾವ ಊರಿನ ದೀಪ ಮೊದಲು ಆರಬೇಕು, ಯಾವ ಊರಿನದು ಉಳಿಯಬೇಕು ಎಂಬುದನ್ನು ಜಾಲ ತೀರ್ಮಾನಿಸುವುದಿಲ್ಲ, ಮನುಷ್ಯರು ತೀರ್ಮಾನಿಸುತ್ತಾರೆ. ಆ ತೀರ್ಮಾನದಲ್ಲಿ ಹಳ್ಳಿ, ಸಣ್ಣ ಪಟ್ಟಣಗಳ ಹೆಸರು ಯಾವಾಗಲೂ ಮೊದಲು ಬಂತು. ಹಾಗೆಂದು ಈ ಸ್ಥಾವರದಿಂದ ನಮಗೆ ಏನೂ ಸಿಗಲಿಲ್ಲ ಎಂದರೆ ಅದೂ ಅನ್ಯಾಯದ ಮಾತು. ರೈತರ ಪಂಪ್‌ಸೆಟ್, ಗುಡಿಸಲಿಗೆ ಭಾಗ್ಯಜ್ಯೋತಿಯ ಒಂದು ಬಲ್ಬು, ಸಣ್ಣ ಕಾರ್ಖಾನೆಗಳು, ಆಸ್ಪತ್ರೆಗಳು, ಬೆಂಗಳೂರಿಗೆ ಹೋಗಿ ದುಡಿಯುವ ನಮ್ಮದೇ ಹುಡುಗರ ಕೆಲಸ, ಎಲ್ಲದರ ಹಿಂದೆಯೂ ಶಕ್ತಿನಗರದ ಬೆಂಕಿ ಇದೆ. ಸ್ಥಾವರದಲ್ಲಿ ನೌಕರಿ ಹಿಡಿದು ಮಕ್ಕಳನ್ನು ಓದಿಸಿದ ಕುಟುಂಬಗಳು ನಮ್ಮ ಸುತ್ತಲೂ ಇವೆ.

ನಮ್ಮ ತಕರಾರು ಕೇಳುವ ಪದ್ಧತಿಯ ಬಗೆಗಿನದು. 2007ರ ಸುಮಾರಿಗೆ ಮೈಸೂರು ಜಿಲ್ಲೆಯ ಚಾಮಲಾಪುರದಲ್ಲಿ ಉಷ್ಣ ಸ್ಥಾವರ ಕಟ್ಟುವ ಪ್ರಸ್ತಾಪ ಬಂತು. ರೈತರು, ಸಾಹಿತಿಗಳು, ವಿಜ್ಞಾನ ಬಲ್ಲವರು ಒಂದಾಗಿ ವಿರೋಧಿಸಿದರು, ಪ್ರಸ್ತಾಪ ನಿಂತಿತು. ಅವರು ಮಾಡಿದ್ದು ಸರಿ. ಉಡುಪಿ ಜಿಲ್ಲೆಯ ನಂದಿಕೂರಿನವರೂ ವಿರೋಧಿಸಿದರು, ಅಲ್ಲಿ ಮಾತ್ರ 2010ರಲ್ಲಿ ಸ್ಥಾವರ ಶುರುವಾಯಿತು. ನಮ್ಮ ಕಡೆ? ಶಕ್ತಿನಗರದ ಎಂಟು ಘಟಕಗಳು ಸಾಲದೆಂದು ಅದೇ ರಾಯಚೂರು ತಾಲೂಕಿನ ಯರಮರಸಿನಲ್ಲಿ ತಲಾ 800 ಮೆಗಾವಾಟಿನ ಇನ್ನೂ ಎರಡು ಘಟಕಗಳು ಎದ್ದವು. 2017ರ ಹೊತ್ತಿಗೆ ಅವೂ ಸಿದ್ಧವಾದವು. ಬಳ್ಳಾರಿಯ ಕುಡತಿನಿಯಲ್ಲಿ ಮತ್ತೊಂದು ಸ್ಥಾವರ. ರಾಜ್ಯ ಸರಕಾರದ ಪಾಲಿನ ಕಲ್ಲಿದ್ದಲಿನ ಬೆಂಕಿಯೆಲ್ಲ ಹೀಗೆ ಬಿಸಿಲು ಸೀಮೆಯಲ್ಲೇ ಉರಿಯಿತು. ಹಿಂದುಳಿದ ಪ್ರದೇಶವೆಂದು 371(ಜೆ) ವಿಧಿಯಡಿ ವಿಶೇಷ ಸ್ಥಾನ ಪಡೆದದ್ದೂ ನಾವೇ, ಮುಂದುವರಿದ ಪ್ರದೇಶಗಳ ದೀಪಕ್ಕೆ ಬೂದಿ ಹೊತ್ತದ್ದೂ ನಾವೇ.

ನಲವತ್ತು ತುಂಬಿದ ಮೇಲೆ

2025ರ ಮಾರ್ಚಿಗೆ ಮೊದಲ ಘಟಕಕ್ಕೆ ನಲವತ್ತು ವರ್ಷ ತುಂಬಿತು. ಈ ನಡುವೆ ಕಾಲ ಬದಲಾಗಿದೆ. ಪಾವಗಡದಲ್ಲಿ 2019ರ ಕೊನೆಗೆ 2050 ಮೆಗಾವಾಟಿನ ಸೌರ ಪಾರ್ಕು ಪೂರ್ಣಗೊಂಡಿತು. ಗಾಳಿಯಂತ್ರಗಳು ಹೆಚ್ಚಿದವು. ಮಳೆಗಾಲದಲ್ಲಿ ನೀರು, ಗಾಳಿ ಎರಡೂ ಕೂಡಿದಾಗ ಶಕ್ತಿನಗರದ ಎಂಟೂ ಘಟಕಗಳು ಒಟ್ಟಿಗೆ ನಿಂತ ದಿನಗಳೂ ಬಂದವು. 2023ರಲ್ಲಿ ಬರ ಬಿದ್ದಾಗ ಮತ್ತೆ ಅವೇ ಆಸರೆಯಾದವು. ಬೇಕಾದಾಗ ಎಬ್ಬಿಸುವುದು, ಬೇಡವಾದಾಗ ಮಲಗಿಸುವುದು. ವಯಸ್ಸಾದ ಯಂತ್ರಕ್ಕೆ ಇದು ಕಷ್ಟ. ಗುತ್ತಿಗೆಯ ಕೂಲಿಯವನಿಗೆ ಇನ್ನೂ ಕಷ್ಟ. ಯಂತ್ರ ನಿಂತರೆ ಅವನ ಹಾಜರಿಯೂ ನಿಲ್ಲುವ ಭಯ.

ಕಲ್ಲಿದ್ದಲಿನ ವಿದ್ಯುತ್ತಿಗೆ ದಾರಿ ತೋರಿದ ಬ್ರಿಟನ್ ತನ್ನ ಕೊನೆಯ ಕಲ್ಲಿದ್ದಲು ಸ್ಥಾವರವನ್ನು 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ಅದೂ ಟ್ರೆಂಟ್ ಎಂಬ ನದಿಯ ಬಳಿ ಇದ್ದದ್ದು. 1882ರಲ್ಲಿ ಲಂಡನ್ನಿನಲ್ಲಿ ಹೊತ್ತಿದ ಬೆಂಕಿ 142 ವರ್ಷಕ್ಕೆ ಆರಿತು. ಆದರೆ ಕಲ್ಲಿದ್ದಲನ್ನು ನಿಲ್ಲಿಸುತ್ತೇವೆಂದು ಅಲ್ಲಿನ ಸರಕಾರ 2015ರಲ್ಲೇ ಹೇಳಿತ್ತು. ಒಂಬತ್ತು ವರ್ಷ ಮುಂಚೆ ಹೇಳಿದರೆ ಊರು ಸಿದ್ಧವಾಗುತ್ತದೆ, ಕೆಲಸಗಾರ ಬೇರೆ ಕೆಲಸ ಕಲಿಯುತ್ತಾನೆ. ನಮ್ಮಲ್ಲಿ ಮುಚ್ಚುವ ದಿನ ನಾಳೆಯೇ ಬರುವುದಿಲ್ಲ. ಬಂದೇ ಬರುತ್ತದೆ ಎಂಬುದೂ ಸುಳ್ಳಲ್ಲ. ಅಂದು ಬೂದಿಹೊಂಡಗಳನ್ನು ಯಾರು ಮುಚ್ಚುತ್ತಾರೆ, ಹೊಲ ಕೊಟ್ಟವರ ಮೊಮ್ಮಕ್ಕಳಿಗೆ ಏನು ಸಿಗುತ್ತದೆ, ಶಕ್ತಿನಗರ ಏನಾಗುತ್ತದೆ? ಈ ಪ್ರಶ್ನೆಗಳನ್ನು ಚಿಮಣಿಯ ಹೊಗೆ ನಿಂತ ಮೇಲೆ ಕೇಳಿದರೆ ಉತ್ತರ ಕೊಡುವವರು ಸಿಗುವುದಿಲ್ಲ. ಈಗಲೇ ಕೇಳಬೇಕು.

ಅದಕ್ಕಿಂತ ಮೊದಲು ನಾವೇ ಮಾಡಬಹುದಾದ ಒಂದು ಕೆಲಸವಿದೆ. ಸ್ಥಾವರ ಕಟ್ಟಿದ ಪೀಳಿಗೆಯವರು ಈಗ ಎಪ್ಪತ್ತು, ಎಂಬತ್ತರ ವಯಸ್ಸಿನಲ್ಲಿದ್ದಾರೆ. ಅವರ ಹೆಸರುಗಳನ್ನು ಬರೆದಿಡಬೇಕು. ಮಾಮು ತೀರಿಕೊಂಡ ಮೇಲೆ ಅವರ ಹಾಜರಿ ಪುಸ್ತಕ ನಮ್ಮ ಬಳಿ ಬಂದಿದೆ. ಕೊನೆಯ ಪುಟಗಳನ್ನು ಗೆದ್ದಲು ತಿಂದಿದೆ. ಉಳಿದ ಹೆಸರುಗಳನ್ನು ನಾವು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದೇವೆ. ಅವರ ಮನೆಗಳನ್ನು ಹುಡುಕಿಕೊಂಡು ಹೋಗುವ ಆಲೋಚನೆಯಿದೆ.

ನಮ್ಮ ಮನೆಗೆ ತಿಂಗಳಿಗೆ ಅರವತ್ತು ಯೂನಿಟ್ ಕರೆಂಟು ಖರ್ಚಾಗುತ್ತದೆ. ಅದೆಲ್ಲ ಕಲ್ಲಿದ್ದಲಿನದೇ ಎಂದಿಟ್ಟುಕೊಂಡರೆ 42 ಕಿಲೋ ಕಲ್ಲಿದ್ದಲು, 210 ಲೀಟರ್ ನೀರು, ಸುಮಾರು 15 ಕಿಲೋ ಬೂದಿ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮ ಬಿಲ್ಲಿನ ಕೊನೆಯಲ್ಲಿ ಸೊನ್ನೆ ಎಂದು ಅಚ್ಚಾಗಿ ಬರುತ್ತದೆ. ಬಡವರ ಮನೆಗೆ ಇದು ದೊಡ್ಡ ಉಪಕಾರ, ಸಂದೇಹವಿಲ್ಲ. ಆದರೆ ದೇವಸೂಗೂರಿನ ಕಡೆ ಬಿದ್ದ ಹದಿನೈದು ಕಿಲೋ ಬೂದಿ ಆ ಬಿಲ್ಲಿನಲ್ಲಿ ಎಲ್ಲೂ ಕಾಣುವುದಿಲ್ಲ.

ಈಚೆಗೆ ರಾಯಚೂರಿಗೆ ಹೋಗುವಾಗ ನಮ್ಮ ಗಾಡಿ ಕೃಷ್ಣೆಯ ಸೇತುವೆಯ ಮೇಲೆ ನಿಧಾನವಾಯಿತು. ಎದುರು ಸೀಟಿನ ಅಜ್ಜಿ ಸೆರಗಿನ ಗಂಟು ಬಿಚ್ಚಿ ನದಿಗೆ ಒಂದು ನಾಣ್ಯ ಎಸೆದು ಕೈಮುಗಿದರು. ಅವರ ಮೊಮ್ಮಗ ಕಿಟಕಿಯಿಂದ ಚಿಮಣಿಗಳನ್ನು ತೋರಿಸಿ, ‘ಅಲ್ಲಿ ಏನ್ ಮಾಡ್ತಾರಬೇ?’ ಎಂದು ಕೇಳಿದ. ‘ಕರೆಂಟ್ ಮಾಡ್ತಾರಪ್ಪ’ ಎಂದರು ಅಜ್ಜಿ.

‘ಯಾರಿಗೆ?’ ಎಂದ ಹುಡುಗ. ಅಜ್ಜಿ ನಮ್ಮ ಮುಖ ನೋಡಿದರು.